ಎಷ್ಟ್ ದೂರ ಅಂತ ಕೇಳಿದ್ರ ಯಾವ ದೂರ ಅಂತ ಕೇಳ್ರಿ

ಧಾರವಾಡದ ಸಪ್ತಾಪುರ ಕಡೆ ಹಿರಿಯರದೊಂದು ಸಂಘ ಐತ್ರಿ, ಆಗಾಗ ಯಾರನ್ನರ ಕರದು ಮಾತಾಡಸ್ತಾರ, ಈ ಸಲ ನನ್ನ ಕರದಿದ್ರು. ವಿಷಯ ಅವರೇ ಕೊಟ್ಟಿದ್ದು, ದೂರದೂರದ ಎರಡು ಏರ್‌ಪೋರ್ಟಿನ ನಡುವಿನ ಅಂತರ ಹೆಂಗ ಲೆಕ್ಕ ಹಾಕ್ತಾರ ಅಂತ. ಯಾಕಂದ್ರ ಅಲ್ಲಿ ಕೂತವರೊಳಗ ಭಾಳ ಮಂದಿ ಮಕ್ಕಳು ಅಮೇರಿಕಾ, ಲಂಡನ್, ಸಿಡ್ನಿ ಅಂತ ಹೊರಗ ಅದಾರ, ಮಗ ಅಲ್ಲಿ ಪ್ಲೇನ್ ಹತ್ತಿದ್ರ ಇವರು ಇಲ್ಲಿ ರಾತ್ರಿಯೆಲ್ಲಾ ಮೊಬೈಲ್‌ನ್ಯಾಗ, ಪ್ಲೇನ್ ಎಲ್ಲಿ ಹೊಂಟೈತಿ ಅಂತ ತೋರಸೂ ನಕಾಶೆ ಮ್ಯಾಲೆ, ಆ ಹಳದಿ ಪ್ಲೇನಿನ ಚಿತ್ರ ನೋಡ್ಕೋತ ಕೂಡ್ತಾರ, ಅದು ಸೀದಾ ಬರೂದು ಬಿಟ್ಟು ಯಾಕ ಸೊಟ್ಟ ಬರಾಕತ್ತೈತಿ ಅಂತ ಮತ್ತ ಚಿಂತಿ. ಮಾತಾಡಿದ್ದನ್ನ ಹಂಗ ಬರದು ಹಾಕೀನಿ, ನಡುವ ಬಂದ ಪ್ರಶ್ನೆ ಸೇರಿಸಿ, ಅಲ್ಲಲ್ಲೆ ತುಸು ತಿದ್ದಿ.

ನಮಸ್ಕಾರ್ರಿ ಎಲ್ಲಾರಿಗೂ. ಭಾಷಣ ಶುರು ಆಗೂಕಿಂತ ಮೊದಲ ಮೊಬೈಲ್ ಬಂದ್ ಮಾಡ್ರಿ ಅನ್ನೂದು ಪದ್ಧತಿ, ನಾ ಇವತ್ತು ತಗೀರಿ ಅಂತೀನಿ. ಹುಬ್ಬಳ್ಳಿ ಏರ್‌ಪೋರ್ಟಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿಗೆ ಎಷ್ಟು ದೂರ, ಹುಡಕ್ರಿ ನೋಡೂನು. ಹಾಂ, ಅಲ್ಲಿ ಕಿಡಕಿ ಹಂತೇಕ ಕೂತ ಅಜ್ಜಾರಿಗೆ 13,850 ಬಂತು. ಅಕ್ಕಾರ, ನಿಮಗ? 8,600. ಈ ತಮ್ಮಗ ನೋಡ್ರಿ 7,477 ಬಂದೈತಿ. ಒಬ್ಬರಿಗೆ ಟಿಕೀಟ್ ಬುಕ್ ಮಾಡೂ ಕಡೆ ಹೋಗಿ ನೋಡಿದ್ದಕ್ಕ 16,000 ದಾಟೇತಿ. ಊರು ಅವೇ ಎರಡು, ಉತ್ತರ ನಾಕು, ಮತ್ತ ನಾಕೂ ಖರೇನ.

ಮೊದಲಿನ ಮೂರು ಸುಲಭದ್ದು, ದೂರ ಒಂದ, ಅಳತಿ ಬ್ಯಾರೆ. 13,850 ಕಿಲೋಮೀಟರ್, ಅದನ್ನ 1.609ರಿಂದ ಭಾಗಿಸಿದ್ರ ಸಾದಾ ಮೈಲು, 1.852ರಿಂದ ಭಾಗಿಸಿದ್ರ ನಾಟಿಕಲ್ ಮೈಲು. ಪೈಲಟ್‌ಗಳು, ಹಡಗಿನವರು ಈ ಮೂರನೇದನ್ನ ಬಳಸ್ತಾರ, ಮತ್ತ ಅದಕ್ಕೊಂದು ಚಂದದ ಕಾರಣ ಐತಿ. ಒಂದು ಡಿಗ್ರಿ ಅಂದ್ರ 60 ಮಿನಿಟು, ಗಡಿಯಾರದ ಮಿನಿಟಲ್ಲ, ಕೋನದ್ದು. ಉತ್ತರಕ್ಕೋ ದಕ್ಷಿಣಕ್ಕೋ ಒಂದು ಮಿನಿಟಿನಷ್ಟು ಅಕ್ಷಾಂಶ ಸರದ್ರ ನೀವು ಒಂದು ನಾಟಿಕಲ್ ಮೈಲು ಹೋದಂಗ. ಗೋಕುಲ ರೋಡಿನ ನಮ್ಮ ಏರ್‌ಪೋರ್ಟ್ 15 ಡಿಗ್ರಿ 22 ಮಿನಿಟು ಉತ್ತರಕ್ಕೈತಿ, 15ನ್ನ 60ರಿಂದ ಗುಣಿಸಿ 22 ಕೂಡಿಸ್ರಿ, 922. ಭೂಮಧ್ಯರೇಖೆಯಿಂದ ನಾವು 922 ನಾಟಿಕಲ್ ಮೈಲು ದೂರ ಅದೀವಿ, ಕ್ಯಾಲ್ಕ್ಯುಲೇಟರೂ ಬೇಕಾಗ್ಲಿಲ್ಲ.

ನಾಕನೇ ಉತ್ತರ, ಆ 16,000ದ್ದು, ದುಬೈ ಮ್ಯಾಲೆ ಹಾಯ್ದು ಹೋಗೂದು. ಹುಬ್ಬಳ್ಳಿಯಿಂದ ಬೆಂಗಳೂರು 370, ಬೆಂಗಳೂರಿಂದ ದುಬೈ 2,700, ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ 13,000ದ ಮ್ಯಾಲೆ ತುಸು, ಎಲ್ಲಾ ಕೂಡಿದ್ರ 16,100ರ ಆಸುಪಾಸು. ಇದ್ರಾಗೊಂದು ತಮಾಷೆ ಐತಿ. ಅಮೇರಿಕಾದ ಆ ಊರಿಗೆ ಬೆಂಗಳೂರಿನಕಿಂತ ಹುಬ್ಬಳ್ಳಿ 140 ಕಿಲೋಮೀಟರ್ ಹತ್ರ, ಬೆಂಗಳೂರಿಂದ 13,990 ಆದ್ರ ನಮ್ಮಿಂದ 13,850. ಆದ್ರೂ ನಾವು ಮೊದಲ ಹಿಂದಕ್ಕ ತೆಂಕಣ ದಿಕ್ಕಿಗೆ 370 ಹೋಗಿ, ಅಲ್ಲಿಂದ ಹೊಳ್ಳಿ ಉತ್ತರಕ್ಕ ಹೊಂಡ್ತೀವಿ. ಏನ್ ಮಾಡೂದ್ರಿ, ಅಷ್ಟು ದೊಡ್ಡ ಪ್ಲೇನ್ ನಮ್ಮಲ್ಲಿ ಬರಾಂಗಿಲ್ಲ.

ಈಗ ಸೀದಾ ಅಂದ್ರ ಏನು ಅನ್ನೂದಕ್ಕ ಬರೂನು. ಇಲ್ಲಿ ಟೇಬಲ್ ಮ್ಯಾಲೆ ಗ್ಲೋಬ್ ಇಟ್ಟೀನಿ, ಹೊಲಿಗಿ ದಾರದ ಉಂಡಿ ಐತಿ, ಎರಡು ಗುಂಡುಸೂಜಿ. ಅಕ್ಕಾರ, ನೀವ ಬರ್ರಿ ಮುಂದ. ದಿಲ್ಲಿ ಮ್ಯಾಲೊಂದು ಸೂಜಿ ಚುಚ್ರಿ, ಇನ್ನೊಂದು ಫ್ಲೋರಿಡಾದ ಆರ್ಲಾಂಡೋ ಮ್ಯಾಲೆ. ಎರಡೂ ಊರು ಹೆಚ್ಚುಕಮ್ಮಿ ಒಂದ ಅಕ್ಷಾಂಶದ ಮ್ಯಾಲೆ ಅದಾವು, 28 ಡಿಗ್ರಿ ಮ್ಯಾಲೆ ಅರ್ಧ. ಗ್ವಾಡಿ ಮ್ಯಾಲಿನ ಆ ನಕಾಶೆ ನೋಡಿದ್ರ ದಿಲ್ಲಿಯಿಂದ ಪಶ್ಚಿಮಕ್ಕ ಒಂದು ಅಡ್ಡಗೆರಿ ಹೊಡದ್ರ ಆರ್ಲಾಂಡೋ ಮುಟ್ತೈತಿ, ಪಾಕಿಸ್ತಾನ, ಇರಾನ್, ಆಫ್ರಿಕಾದ ಉತ್ತರ ಭಾಗ, ಅಟ್ಲಾಂಟಿಕ್, ಮುಗೀತು. ಆ ದಾರಿ 15,480 ಕಿಲೋಮೀಟರ್. ಈಗ ದಾರ ತಗೊಂಡು ಎರಡು ಸೂಜಿಗೆ ಕಟ್ಟಿ ಬಿಗಿಯಾಗಿ ಎಳೀರಿ. ಎಳೀರಿ, ಹರಿಯಂಗಿಲ್ಲ. ನೋಡ್ರಿ, ದಾರ ತಾನ ಮ್ಯಾಲಕ್ಕ ಜಾರಾಕತ್ತು. ಅಡ್ಡಗೆರಿ ಮ್ಯಾಲೆ ನಿಂದ್ರವಲ್ದು. ಉತ್ತರಕ್ಕ ಸರಕೋತ ಹೋಗಿ ನಾರ್ವೆ ಮತ್ತ ಗ್ರೀನ್‌ಲ್ಯಾಂಡ್ ನಡುವಿನ ಸಮುದ್ರದ ಮ್ಯಾಲೆ, ಸುಮಾರು 71 ಡಿಗ್ರಿ ಹಂತೇಕ ನಿಂತತು. ಆ ದಾರದ ಉದ್ದ ಅಳದ್ರ 13,270 ಕಿಲೋಮೀಟರ್. ಎರಡು ಸಾವಿರದ ಎರಡ್ನೂರು ಉಳೀತು.

ಇದಕ್ಕ ಮಹಾವೃತ್ತ ಅಂತಾರ, ಭೂಮಿಯನ್ನ ನಡುವಿನ ಬಿಂದು ಹಾಯ್ದು ಹೋಗೂ ಹಂಗ ಕೊಯ್ದ್ರ ಬರೂ ವೃತ್ತ. ಎರಡು ಊರಿನ ನಡುವ ಎಲ್ಲಾಕಿಂತ ಸಣ್ಣ ದಾರಿ ಯಾವಾಗ್ಲೂ ಇಂಥಾದೊಂದು ವೃತ್ತದ ತುಂಡು ಇರ್ತೈತಿ. ನಿಮ್ಮ ಮೊಬೈಲ್‌ನ್ಯಾಗ ಪ್ಲೇನ್ ಸೊಟ್ಟ ಹೊಂಟಂಗ ಕಾಣೂದು ಪ್ಲೇನಿನ ತಪ್ಪಲ್ಲ, ನಕಾಶೆದ ತಪ್ಪು. ಆ ಚೌಕದ ನಕಾಶೆ 1569ರಾಗ ಗೆರಾರ್ಡಸ್ ಮರ್ಕೇಟರ್ ಅನ್ನಾಂವ ಹಡಗಿನವರ ಸಲುವಾಗಿ ಮಾಡಿದ್ದು, ದಿಕ್ಸೂಚಿ ಒಂದ ಕಡೆ ಹಿಡದು ಹೊಂಟ್ರ ಅದ್ರಾಗ ಸೀದಾ ಗೆರಿ ಬರ್ತೈತಿ, ಅವರಿಗೆ ಅಷ್ಟ ಬೇಕಿತ್ತು. ಆದ್ರ ಅದಕ್ಕ ಬೆಲೆ ಏನು ಕೊಟ್ರು ಅಂದ್ರ ಮ್ಯಾಲೆ ಧ್ರುವದ ಕಡೆ ಹೋದಂಗೆಲ್ಲಾ ಎಲ್ಲಾ ಹಿಗ್ಗತೈತಿ. ಗ್ರೀನ್‌ಲ್ಯಾಂಡ್ ನೋಡ್ರಿ ಅಲ್ಲಿ, ಆಫ್ರಿಕಾದಷ್ಟ ಕಾಣಸ್ತೈತಿ, ಖರೆ ಅಂದ್ರ ಆಫ್ರಿಕಾ ಅದರ 14 ಪಟ್ಟು ಐತಿ. ಸಾಲ್ಯಾಗ ಗ್ವಾಡಿಗೆ ನಕಾಶೆ ತೂಗಹಾಕಿ ಗ್ಲೋಬನ್ನ ಕಪಾಟದಾಗ ಕೀಲಿ ಹಾಕಿ ಇಡೂದು ಬಿಡಬೇಕು ಅಂತ ನನ್ನ ಭಾಳ ದಿನದ ಸಿಟ್ಟು, ಇರ್ಲಿ.

ದಾರ ಇಲ್ಲದವರು ಲೆಕ್ಕ ಹೆಂಗ ಹಾಕೂದು? ಪಿಯುಸಿ ಹುಡುಗೂರು ಇಬ್ಬರು ಮುಂದ ಕೂತೀರಿ, ನಿಮಗ ಹೇಳ್ತೀನಿ, ಉಳದವರು ಬೇಕಂದ್ರ ಎರಡು ಮಿನಿಟು ಚಾ ಕುಡೀರಿ. ಬೆಂಗಳೂರು ಏರ್‌ಪೋರ್ಟ್ 13.2 ಉತ್ತರ, 77.7 ಪೂರ್ವ. ಸ್ಯಾನ್ ಫ್ರಾನ್ಸಿಸ್ಕೋ 37.6 ಉತ್ತರ, 122.4 ಪಶ್ಚಿಮ. ಒಂದು ಪೂರ್ವ ಒಂದು ಪಶ್ಚಿಮ ಐತಿ, ಹಂಗಾಗಿ ರೇಖಾಂಶ ಕೂಡಿಸ್ಬೇಕು, 200.1 ಬಂತು, 180 ದಾಟಿದ್ರ ಆ ಕಡೆಯಿಂದ ಸಮೀಪ ಅಂತ ಅರ್ಥ, 360ರಾಗ ಕಳೀರಿ, 159.9. ಈಗ ಎರಡು ಅಕ್ಷಾಂಶದ ಸೈನ್ ಗುಣಿಸ್ರಿ, 0.139. ಎರಡು ಅಕ್ಷಾಂಶದ ಕೊಸೈನ್ ಮತ್ತ ಆ 159.9ರ ಕೊಸೈನ್ ಮೂರೂ ಗುಣಿಸ್ರಿ, ಮೈನಸ್ 0.724. ಕೂಡಿದ್ರ ಮೈನಸ್ 0.585. ಯಾವ ಕೋನದ ಕೊಸೈನ್ ಇದು ಅಂತ ಉಲ್ಟಾ ಕೇಳ್ರಿ, ಕ್ಯಾಲ್ಕ್ಯುಲೇಟರ್ 125.8 ಡಿಗ್ರಿ ಅಂತೈತಿ. ಮಹಾವೃತ್ತದ ಮ್ಯಾಲೆ ಒಂದೊಂದು ಡಿಗ್ರಿ 111.2 ಕಿಲೋಮೀಟರ್. ಗುಣಿಸ್ರಿ, 13,990 ಬಂದು ಕೂಡ್ತು. ಅಷ್ಟ. ವೆಬ್‌ಸೈಟಿನವರು ಇದನ್ನ ಸ್ವಲ್ಪ ಬ್ಯಾರೆ ರೂಪದಾಗ, ಹ್ಯಾವರ್ಸೈನ್ ಅಂತ ಬರೀತಾರ, ಯಾಕಂದ್ರ ಹುಬ್ಬಳ್ಳಿ ಧಾರವಾಡದಂಗ ಹತ್ರದ ಊರು ಕೊಟ್ರ ಈ ಕೊಸೈನ್ ಲೆಕ್ಕ ಒಂದರ ಹಂತೇಕ ಹೋಗಿ ಅಂಕಿ ಕಳಕೊಂತೈತಿ.

ಇದರಿಂದ ಇನ್ನೊಂದು ತಿಳೀತೈತಿ, ಕೋನ 180 ಡಿಗ್ರಿಗಿಂತ ಹೆಚ್ಚು ಆಗೂದು ಸಾಧ್ಯನ ಇಲ್ಲ. ಅಂದ್ರ ಭೂಮಿ ಮ್ಯಾಲಿನ ಯಾವ ಎರಡು ಜಾಗ ತಗೊಂಡ್ರೂ ನಡುವಿನ ದೂರ 20,000 ಕಿಲೋಮೀಟರ್ ಚಿಲ್ಲರೆ ದಾಟಂಗಿಲ್ಲ. ಇದನ್ನ ನೆನಪಿನ್ಯಾಗ ಇಡ್ರಿ, ಕಡೀಕ ಬೇಕಾಗ್ತೈತಿ.

ಹಿಂದಿನಿಂದ ಒಬ್ಬರು ನಿವೃತ್ತ ಎಂಜಿನಿಯರ್ ಸಾಹೇಬ್ರು ಎದ್ದು, ಭೂಮಿ ಗುಂಡಗಿಲ್ಲಲ್ರಿ ಸರ್, ಚಪ್ಪಟೆ ಐತಿ ಧ್ರುವದ ಕಡೆ ಅಂದ್ರು. ಬರೋಬ್ಬರಿ. ಭೂಮಧ್ಯರೇಖೆ ಕಡೆ ತ್ರಿಜ್ಯ 6,378, ಧ್ರುವದ ಕಡೆ 6,357, 21 ಕಿಲೋಮೀಟರ್ ಫರಕ್. ಗುಂಡು ಅಂತ ತಿಳಕೊಂಡು ಲೆಕ್ಕ ಹಾಕಿದ್ರ ನೂರಕ್ಕ ಅರ್ಧದಷ್ಟು ತನಕ ತಪ್ಪಬಹುದು. 1975ರಾಗ ವಿನ್ಸೆಂಟಿ ಅನ್ನಾಂವ ಈ ಚಪ್ಪಟೆ ಭೂಮಿಗೆ ಲೆಕ್ಕ ಕೊಟ್ಟ, ಮಿಲಿಮೀಟರ್ ತನಕ ಬರ್ತೈತಿ. ಹಿಂಗಾಗಿ ಎರಡು ವೆಬ್‌ಸೈಟ್‌ನ್ಯಾಗ ಇಪ್ಪತ್ತು ಮೂವತ್ತು ಕಿಲೋಮೀಟರ್ ಹಿಂದಮುಂದ ಕಂಡ್ರ ಜಗಳಾ ಮಾಡಬ್ಯಾಡ್ರಿ, ಒಬ್ಬರು ಗುಂಡು ಭೂಮಿ ತಗೊಂಡಾರ, ಒಬ್ಬರು ಚಪ್ಪಟೆ.

ಇಲ್ಲೀತನಕ ಬರೇ ಗಣಿತ. ಈ ಅಂಕಿ ಏನೈತಲ್ಲ, ಇದಕಿಂತ ಕಡಿಮಿ ಹಾರಾಕ ಆಗೂದಿಲ್ಲ ಅಂತ ಹೇಳೂ ಅಂಕಿ, ಅಷ್ಟ ಅದರ ಕೆಲಸ. ಪ್ಲೇನ್ ಖರೇನ ಎಷ್ಟು ಹಾರ್ತೈತಿ ಅನ್ನೂದು ಬ್ಯಾರೆ ಕಥಿ, ಮತ್ತ ನನಗ ಇದರಾಗ ಹೆಚ್ಚು ಆಸಕ್ತಿ.

ದಿಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಗೋರಿ. ದಾರ ಎಳದು ಅಳದ್ರ 12,380. ಏರ್ ಇಂಡಿಯಾದವರು ಮೊದಲ ಅಟ್ಲಾಂಟಿಕ್ ಕಡೆಯಿಂದ ಹೋಗ್ತಿದ್ರು, ಅದು ಸುಮಾರು 13,900. 2016ರ ಅಕ್ಟೋಬರ್‌ನ್ಯಾಗ ಏನ್ ಮಾಡಿದ್ರು ಅಂದ್ರ, ಉಲ್ಟಾ ಪೂರ್ವಕ್ಕ ಹೊಂಟ್ರು, ಪೆಸಿಫಿಕ್ ಹಾಯ್ದು, ಸುಮಾರು 15,300 ಕಿಲೋಮೀಟರ್. 1,400 ಹೆಚ್ಚು. ಆದ್ರ ಮುಟ್ಟಿದ್ದು ಎರಡು ತಾಸಿನಷ್ಟು ಮೊದಲ, ಹದಿನಾಲ್ಕುವರಿ ತಾಸಿನ್ಯಾಗ! ದೂರ ಹೆಚ್ಚು, ಟೈಮ್ ಕಡಿಮಿ, ಎಣ್ಣಿನೂ ಕಡಿಮಿ. ಗಾಳಿ ಬೆನ್ನಿಗಿತ್ತು, ಅದಕ್ಕ. ಹೊಳ್ಳಿ ಬರೂಮುಂದ ಅಟ್ಲಾಂಟಿಕ್ ಮ್ಯಾಲಿಂದ, ಅದೂ ಪೂರ್ವಕ್ಕ, ಅವಾಗೂ ಗಾಳಿ ಬೆನ್ನಿಗೆ. ಹೋಗಿ ಬಂದವರು ಗೊತ್ತಿಲ್ಲದ ಭೂಮಿಗೊಂದು ಪ್ರದಕ್ಷಿಣಿ ಹಾಕಿ ಬಂದಂಗಾತು.

ಈ ಗಾಳಿಗೆ ಜೆಟ್ ಸ್ಟ್ರೀಮ್ ಅಂತಾರ. ಮೂವತ್ತರಿಂದ ನಲವತ್ತು ಸಾವಿರ ಫೂಟ್ ಎತ್ತರದಾಗ, ಅಂದ್ರ ಪ್ಲೇನ್ ಹಾರೂ ಎತ್ತರದಾಗ, ಪಶ್ಚಿಮದಿಂದ ಪೂರ್ವಕ್ಕ ಹೊಳಿ ಹರದಂಗ ಹರೀತೈತಿ, ತಾಸಿಗೆ ನೂರು ಎರಡ್ನೂರು ಕಿಲೋಮೀಟರ್, ಚಳಿಗಾಲದಾಗ ಒಮ್ಮೊಮ್ಮೆ ಮುನ್ನೂರು ದಾಟ್ತೈತಿ. ಇದನ್ನ ಮೊದಲ ಅಳದಾಂವ ಜಪಾನಿನ ವಾಸಾಬುರೊ ಓಯಿಶಿ, 1920ರ ದಶಕದಾಗ, ಬಲೂನ್ ಬಿಟ್ಟು ಬಿಟ್ಟು. ಜಗತ್ತಿಗೆಲ್ಲಾ ತಿಳೀಲಿ ಅಂತ ಪಾಪ ಅಂವ 1926ರಾಗ ವರದಿಯನ್ನ ಎಸ್ಪೆರಾಂಟೊ ಭಾಷಾದಾಗ ಬರದ, ಜಗತ್ತಿನ ಭಾಷಾ ಅಂತ ಕಟ್ಟಿದ್ದಲ್ಲ ಅದು, ಅದ್ರಾಗ. ಯಾರೂ ಓದ್ಲೇ ಇಲ್ಲ. ಎರಡನೇ ಮಹಾಯುದ್ಧದಾಗ ಅಮೇರಿಕಾದ ಬಾಂಬರ್ ಪ್ಲೇನ್‌ಗಳು ಜಪಾನಿನ ಮ್ಯಾಲೆ ಹೋಗಿ ಈ ಗಾಳಿಗೆ ಸಿಕ್ಕೊಂಡಾಗ ಎಲ್ಲಾರಿಗೂ ಎಚ್ಚರ ಆತು.

ನಿಮ್ಮ ಬೆಂಗಳೂರಿನ ಫ್ಲೈಟಿನ ಕಥಿ ಹೇಳ್ತೀನಿ. 2021ರ ಜನವರಿ 9, ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ಪ್ಲೇನ್ 11ನೇ ತಾರೀಖು ಸೋಮವಾರ ನಸಿಕಿನ್ಯಾಗ ಬೆಂಗಳೂರಿಗೆ ಇಳೀತು, ಆ ಎರಡು ಊರಿನ ನಡುವ ನಿಲ್ಲದ ಹಾರಿದ ಮೊದಲನೇ ಫ್ಲೈಟ್, ಕಾಕ್‌ಪಿಟ್‌ನ್ಯಾಗ ಎಲ್ಲಾರೂ ಹೆಣ್ಣುಮಕ್ಕಳು, ಕ್ಯಾಪ್ಟನ್ ಜೋಯಾ ಅಗರ್ವಾಲ್. ಹದಿನೇಳು ತಾಸಿನ ಹಾದಿ. ಅವರು ಬಂದಿದ್ದು ಉತ್ತರ ಧ್ರುವದ ಮ್ಯಾಲಿಂದ. ಈಗ ದಾರ ಎಳದು ನೋಡಿದ್ರ ಈ ಎರಡು ಊರಿನ ನಡುವಿನ ಗೆರಿ 71 ಡಿಗ್ರಿಗೆ, ಸೈಬೀರಿಯಾದ ಮ್ಯಾಲ್ದಂಡಿಗೆ ಹೋಗಿ ಹೊಳ್ಳತೈತಿ, ಧ್ರುವಕ್ಕ ಮುಟ್ಟಂಗಿಲ್ಲ. ದುಬೈಯಿಂದ ಹೋದ್ರ ಮಾತ್ರ ಆ ದಾರನ ಧ್ರುವದಿಂದ ಸುಮಾರು 200 ಕಿಲೋಮೀಟರ್ ಹತ್ರ ಹೋಗ್ತೈತಿ, ಅಷ್ಟು ಎದುರಾಬದರು ಅದಾವು ಆ ಎರಡೂ ಊರು. ಯಾವ ಹಾದಿ ಹಿಡೀಬೇಕು ಅನ್ನೂದನ್ನ ಪ್ರತಿದಿನ ಗಾಳಿ ನೋಡಿ ಹೊಸದಾಗಿ ಲೆಕ್ಕ ಹಾಕ್ತಾರ, ಅದಕ್ಕ ಸೋಮವಾರ ಮಗಳು ಬಂದ ಹಾದಿ ಬ್ಯಾರೆ, ಗುರುವಾರ ಅಳಿಯ ಬಂದ ಹಾದಿ ಬ್ಯಾರೆ.

ಒಬ್ಬ ಅಕ್ಕಾರು ಕೇಳಿದ್ರು, ಬೆಂಗಳೂರಿಂದ ಸೀದಾ ಉತ್ತರಕ್ಕ ಹೋದ್ರ ಟಿಬೆಟ್ ಬರ್ತೈತಲ್ಲ, ಅದರ ಮ್ಯಾಲೆ ಯಾಕ ಹೋಗಂಗಿಲ್ಲರಿ ಅಂತ. ಭಾಳ ಚಲೋ ಪ್ರಶ್ನೆ. ಪ್ಲೇನಿನೊಳಗ ಗಾಳಿ ಒತ್ತಡ ಹೋತು ಅಂದ್ರ ಮ್ಯಾಲಿಂದ ಮಾಸ್ಕ್ ಬೀಳ್ತಾವಲ್ರಿ, ಆ ಮಾಸ್ಕಿನ ಆಕ್ಸಿಜನ್ ಹದಿನೈದು ಮಿನಿಟಿನ ಆಸುಪಾಸು ಅಷ್ಟ ಬರ್ತೈತಿ. ಅಷ್ಟರಾಗ ಪೈಲಟ್ ಪ್ಲೇನನ್ನ ಹತ್ತು ಸಾವಿರ ಫೂಟಿಗೆ ಇಳಿಸ್ಬೇಕು, ಅಲ್ಲಿ ಮಾಸ್ಕ್ ಇಲ್ಲದ ಉಸಿರಾಡಬಹುದು. ಟಿಬೆಟ್ ನೆಲಾನ ಸರಾಸರಿ 4,500 ಮೀಟರ್, ಅಂದ್ರ ಹದಿನಾಲ್ಕು ಹದಿನೈದು ಸಾವಿರ ಫೂಟ್ ಎತ್ತರ. ಇಳಿಯೂದು ಎಲ್ಲಿಗೆ? ಹಂಗಾಗಿ ಅದನ್ನ ಬಿಟ್ಟು ಸುತ್ತುಹಾಕಿ ಹೋಗ್ತಾರ.

ಸಮುದ್ರಕ್ಕೂ ಒಂದು ಕಾಯ್ದೆ ಐತಿ. ಎರಡು ಎಂಜಿನ್ನಿನ ಪ್ಲೇನ್‌ನ್ಯಾಗ ಒಂದು ಕೆಟ್ರ ಉಳದ ಒಂದರ ಮ್ಯಾಲೆ ಯಾವುದರ ಏರ್‌ಪೋರ್ಟ್ ಮುಟ್ಟಬೇಕಲ್ಲ. ಮೊದಲ 60 ಮಿನಿಟಿನೊಳಗ ಅಂತಿತ್ತು, 1985ರಾಗ 120 ಆತು, ಆಮ್ಯಾಲೆ 180, ಈಗಿನ ಹೊಸ ಪ್ಲೇನ್‌ಗಳಿಗೆ 330ಕ್ಕೂ ಹೆಚ್ಚು ಕೊಟ್ಟಾರ. ಎಂಜಿನ್ ಎಷ್ಟೆಷ್ಟು ನಂಬಿಗಸ್ತ ಆದ್ವೋ ಅಷ್ಟಷ್ಟು ಪ್ಲೇನಿನ ಹಾದಿ ಆ ದಾರದ ಹತ್ರ ಬಂತು ಅನ್ರಿ.

ಆದ್ರ ದೇಶ ದೇಶದ ಜಗಳಕ್ಕ ಎಂಜಿನ್ ಏನ್ ಮಾಡ್ತೈತಿ. 2022ರಾಗ ರಷ್ಯಾದ ಆಕಾಶ ಯುರೋಪಿನ ಕಂಪನಿಗಳಿಗೆ ಬಂದ್ ಆತು, ಹೆಲ್ಸಿಂಕಿಯಿಂದ ಟೋಕಿಯೋ ಒಂಬತ್ತು ತಾಸಿನ್ಯಾಗ ಹೋಗ್ತಿದ್ದವರು ಹದಿಮೂರು ತಾಸು ಕೂಡೂಹಂಗಾತು. ನಮ್ಮ ಕಡೆ 2019ರ ಫೆಬ್ರವರಿಯಿಂದ ಜುಲೈ ತನಕ ಪಾಕಿಸ್ತಾನ ಆಕಾಶ ಬಂದ್ ಮಾಡಿತ್ತು, ಮತ್ತ 2025ರ ಏಪ್ರಿಲ್ 24ಕ್ಕ ಮತ್ತೊಮ್ಮೆ. ದಿಲ್ಲಿಯಿಂದ ಅಮೇರಿಕಾಕ್ಕ ನಿಲ್ಲದ ಹೋಗೂ ಕೆಲವು ಫ್ಲೈಟ್‌ಗಳು ಅರಬ್ಬಿ ಸಮುದ್ರದ ಕಡೆ ಸುತ್ತು ಹೊಡದು, ಎಣ್ಣಿ ಸಾಲದ ವಿಯೆನ್ನಾದಾಗ ಇಳದು ತುಂಬಿಸ್ಕೊಂಡು ಹೋದ್ವು. ಇಲ್ಲಿ ಕೂತ ಭಾಳ ಮಂದಿ ಅವಾಗ, ಅಯ್ಯ ಫ್ಲೈಟ್ ವಿಯೆನ್ನಾದಾಗ ಯಾಕ ನಿಂತತು ಅಂತ ಗಾಬರಿ ಆಗಿದ್ರಿ, ಎರಡು ಮೂರು ಕೈ ಮ್ಯಾಲೆದ್ದಾವು ನೋಡ್ರಿ.

ಎಣ್ಣಿ ಅಂದ್ವಿ, ಅದನ್ನೂ ಹೇಳಿಬಿಡ್ತೀನಿ. ಹಿಂದ ಚಕ್ಕಡಿ ಕಟ್ಕೊಂಡು ಯಲ್ಲಮ್ಮನ ಗುಡ್ಡಕ್ಕ ಹೋಗೂಮುಂದ ಎತ್ತಿನ ಮೇವೂ ಅದರಾಗ ಹೇರ್ತಿದ್ರು, ಹಾದಿ ಉದ್ದ ಆದಂಗ ಮೇವು ಹೆಚ್ಚು, ಮೇವು ಹೆಚ್ಚಾದಂಗ ಎತ್ತಿಗೆ ಭಾರ, ಭಾರ ಆದಂಗ ಅವು ತಿನ್ನೂದೂ ಹೆಚ್ಚು. ಪ್ಲೇನಿಂದೂ ಇದ ಸಂಕಟ. ಸಿಂಗಾಪುರದಿಂದ ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟ್ 15,349 ಕಿಲೋಮೀಟರ್, ಹದಿನೆಂಟು ತಾಸಿನ ಮ್ಯಾಲೆ, ಸಿಂಗಾಪುರ್ ಏರ್‌ಲೈನ್ಸ್‌ನವರು ನಿಲ್ಲದ ಹಾರ್ತಾರ. ಅದಕ್ಕ ಬಳಸೂ ಏರ್‌ಬಸ್ ಎ350ರ ಆ ನಮೂನಿ ಪ್ಲೇನಿಗೆ 1,65,000 ಲೀಟರ್ ಎಣ್ಣಿ ಹಿಡೀತೈತಿ, ಸೀಟು ಮಾತ್ರ 161. ಎಕಾನಮಿ ಕ್ಲಾಸೇ ಇಲ್ಲ. ಇದಕ್ಕೂ ಮೊದಲ 2004ರಿಂದ ಅದ ಕಂಪನಿಯವರು ನಾಕು ಎಂಜಿನ್ನಿನ ಪ್ಲೇನ್ ಹಚ್ಚಿ ಸಿಂಗಾಪುರದಿಂದ ನ್ಯೂಯಾರ್ಕ್ ಹಂತೇಕಿನ ನೆವಾರ್ಕಿಗೆ ಹಾರಿಸಿ, ಗಿಟ್ಟವಲ್ದು ಅಂತ 2013ಕ್ಕ ನಿಲ್ಲಿಸಿದ್ರು, 2018ಕ್ಕ ಎರಡೇ ಎಂಜಿನ್ನಿನ ಹೊಸ ಪ್ಲೇನ್ ಬಂದ ಮ್ಯಾಲೆ ಹೊಳ್ಳಿ ಶುರು ಮಾಡಿದ್ರು. ಸಿಡ್ನಿಯಿಂದ ಲಂಡನ್ 17,000 ಕಿಲೋಮೀಟರ್, ಅದನ್ನೂ ಒಂದ ಹಾರಿಕಿನ್ಯಾಗ ಮುಗಸೂ ತಯಾರಿ ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯವರದ್ದು. ನೀವು ಮಗನ ಬ್ಯಾಗಿನ್ಯಾಗ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಕೆಜಿ ಪೇಢಾ ತುರುಕಿ ತಕ್ಕಡಿ ಮ್ಯಾಲೆ ಇಟ್ಟು ಇಪ್ಪತ್ಮೂರು ದಾಟ್ತು ಅಂತ ಒಂದು ಡಬ್ಬಿ ತಗೀತೀರಲ್ಲ, ಆ ನಿಯಮದ ಹಿಂದ ಈ ಮೇವಿನ ಲೆಕ್ಕಾನೂ ಐತಿ, ಬರೇ ಅವರ ಜಿಪುಣತನ ಅಲ್ಲ. ಜಿಪುಣತನಾನೂ ಐತಿ ಅನ್ರಿ.

ಸಣ್ಣ ದೂರದಾಗ ಈ ಲೆಕ್ಕ ಇನ್ನೊಂದು ನಮೂನಿ ಕೆಡ್ತೈತಿ. ಹುಬ್ಬಳ್ಳಿ ಬೆಂಗಳೂರು ಹಾರಿದ್ರ 370, ರಸ್ತಾದಾಗ 410, ರೈಲಿನ್ಯಾಗ 470ರ ಹತ್ರ. ಎಟಿಆರ್ ಅನ್ನೂ ಪಂಖದ ಸಣ್ಣ ಪ್ಲೇನ್ ತಾಸಿಗೆ 500 ಕಿಲೋಮೀಟರ್ ಹೋಗ್ತೈತಿ, ಮುಕ್ಕಾಲು ತಾಸು ಸಾಕು ಅನ್ನಿಸ್ತೈತಿ, ಆದ್ರ ಟಿಕೀಟಿನ ಮ್ಯಾಲೆ ತಾಸಿನ ಮ್ಯಾಲೆ ಇರ್ತೈತಿ, ಯಾಕಂದ್ರ ರನ್‌ವೇತನಕ ಹೊಳ್ಯಾಡೂದು, ಏರೂದು, ಬೆಂಗಳೂರಿನ ಮ್ಯಾಲೆ ಪಾಳೆ ಹಚ್ಚೂದು ಎಲ್ಲಾ ಅದ್ರಾಗ ಬಂತು. ಸ್ಕಾಟ್‌ಲ್ಯಾಂಡಿನ ಉತ್ತರಕ್ಕ ಆರ್ಕ್ನಿ ಅಂತ ದ್ವೀಪ ಅದಾವು, ಅಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ 2.7 ಕಿಲೋಮೀಟರ್ ಫ್ಲೈಟ್ ಐತಿ, ಎರಡು ಮಿನಿಟು! ಹುಬ್ಬಳ್ಳಿ ಧಾರವಾಡ 20 ಕಿಲೋಮೀಟರ್ ಆತು, ನಮ್ಮ ಚಿಗರಿ ಬಸ್ಸಿನವರು ಅದನ್ನ ಕೇಳಿದ್ರ ನಗ್ತಾರ.

ಆಮ್ಯಾಲೆ ರೊಕ್ಕದ ಪ್ರಶ್ನೆ ಬಂತು. ದೂರ ನೋಡಿ ಟಿಕೀಟಿನ ರೇಟು ಹಚ್ಚಾಂಗಿಲ್ಲ, ಅದು ನಿಮಗ ಗೊತ್ತಿದ್ದದ್ದ. ಆದ್ರ ಒಂದು ಕಡೆ ಆ ದಾರ ನೇರ ರೊಕ್ಕ ಆಗ್ತೈತಿ, ಯುರೋಪಿನ್ಯಾಗ. ಅಲ್ಲಿಯ 2004ರ ಕಾಯ್ದೆ ಪ್ರಕಾರ ಅಲ್ಲಿಂದ ಹೊಂಡೂ ಫ್ಲೈಟ್ ಕಂಪನಿ ತಪ್ಪಿನಿಂದ ರದ್ದಾದ್ರ ಪರಿಹಾರ ಕೊಡಬೇಕು, 1,500 ಕಿಲೋಮೀಟರ್ ತನಕ 250 ಯೂರೋ, 3,500 ತನಕ 400, ಅದನ್ನ ದಾಟಿ ಹೊರದೇಶಕ್ಕಾದ್ರ 600. ಮತ್ತ ಆ ಕಿಲೋಮೀಟರನ್ನ ಮಹಾವೃತ್ತದ ಪ್ರಕಾರ ಅಳೀಬೇಕು ಅಂತ ಕಾಯ್ದೆದಾಗ ಬರದಾರ. ಪ್ಲೇನ್ ಎಷ್ಟು ಸುತ್ತು ಹೊಡದ್ರೂ ಸಂಬಂಧಿಲ್ಲ. ನಮ್ಮಲ್ಲಿ ದೂರ ನೋಡಂಗಿಲ್ಲ, ಫ್ಲೈಟ್ ಎಷ್ಟು ತಾಸಿನದು ಅಂತ ನೋಡಿ ಕೊಡ್ತಾರ.

ಮುಂದ ಕೂತ ಪಿಯುಸಿ ಹುಡುಗಿ ಕೇಳಿದ್ದು ನನಗ ಎಲ್ಲಾಕಿಂತ ಸೇರ್ತು. ಸರ್, ಭೂಮಿ ಪೂರ್ವಕ್ಕ ತಿರಗ್ತೈತಿ, ಹಂಗಾದ್ರ ಪಶ್ಚಿಮಕ್ಕ ಹೊಂಟ ಪ್ಲೇನಿಗೆ ಊರ ಎದುರಿಗೆ ಬರ್ತೈತಲ್ಲ, ಲಗೂ ಮುಟ್ಟಬೇಕಲ್ಲ? ತಂಗಿ, ನಾವು ಈಗ ಕುರ್ಚಿ ಮ್ಯಾಲೆ ಕೂತ ಕೂತಲ್ಲೆ ತಾಸಿಗೆ 1,600 ಕಿಲೋಮೀಟರ್ ಪೂರ್ವಕ್ಕ ಹೊಂಟೀವಿ, ಈ ಹಾಲಿನೊಳಗಿನ ಗಾಳಿನೂ ಹೊಂಟೈತಿ, ಹೊರಗಿನ ಗಾಳಿನೂ. ಪ್ಲೇನ್ ಹಾರೂದು ಆ ಗಾಳಿ ಮ್ಯಾಲೆ, ನೆಲದಿಂದ ಎದ್ದ ಕೂಡ್ಲೆ ಭೂಮಿ ಅದನ್ನ ಬಿಟ್ಟು ಮುಂದ ಹೋಗಂಗಿಲ್ಲ. ಹಂಗ ಆಗ್ತಿತ್ತು ಅಂದ್ರ ನೀ ಜಿಗದ್ರ ಗ್ವಾಡಿಗೆ ಬಡೀತಿದ್ದಿ. ಭೂಮಿ ತಿರಗೂದರ ಪರಿಣಾಮ ಇಲ್ಲ ಅಂತಲ್ಲ, ಆ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕ ಬೀಸೂದ ಅದರಿಂದ. ಅಂದ್ರ ನೀ ಹೇಳಿದ್ದರ ಉಲ್ಟಾ, ಪೂರ್ವಕ್ಕ ಹೋಗಾವರಿಗೇ ಲಾಭ.

ಕಡೀ ಪ್ರಶ್ನೆ ಕಿಡಕಿ ಹಂತೇಕಿನ ಅಜ್ಜಾರದ್ದು, ನಮ್ಮ ಹುಬ್ಬಳ್ಳಿಯಿಂದ ಜಗತ್ತಿನ್ಯಾಗ ಎಲ್ಲಾಕಿಂತ ದೂರದ ಏರ್‌ಪೋರ್ಟ್ ಯಾವುದಪಾ?

ಹುಬ್ಬಳ್ಳಿಯಿಂದ ಭೂಮಿ ನಡುವ ಹಾಯ್ದು ಸೀದಾ ತೂತು ಹೊಡದ್ರ ಆ ಕಡೆ ಎದ್ದು ಬರೂದು 15 ಡಿಗ್ರಿ 22 ಮಿನಿಟು ದಕ್ಷಿಣ, 105 ಪಶ್ಚಿಮದ ಹತ್ರ. ಅಲ್ಲಿ ಬರೇ ಪೆಸಿಫಿಕ್ ನೀರು. ಅದಕ್ಕ ಹತ್ರದ ಏರ್‌ಪೋರ್ಟ್ ಅಂದ್ರ ಈಸ್ಟರ್ ದ್ವೀಪದ ಮಟವೇರಿ, ದೊಡ್ಡ ದೊಡ್ಡ ಕಲ್ಲಿನ ಮಾರಿ ನಿಂದ್ರಿಸ್ಯಾರಲ್ಲ, ಆ ದ್ವೀಪ, ಚಿಲಿ ದೇಶಕ್ಕ ಸೇರಿದ್ದು. ನಮ್ಮಿಂದ 18,620 ಕಿಲೋಮೀಟರ್. ಸಣ್ಣ ದ್ವೀಪ ಆದ್ರೂ ರನ್‌ವೇ ದೊಡ್ಡದೈತಿ, ಯಾಕಂದ್ರ 1980ರ ದಶಕದಾಗ ನಾಸಾದವರು ಸ್ಪೇಸ್ ಶಟಲ್ ಏನರ ತೊಂದರ್ಯಾಗ ಸಿಕ್ರ ಇಳೀಲಿ ಅಂತ ಅದನ್ನ ಉದ್ದ ಮಾಡಿಸಿದ್ರು. ಶಟಲ್ ಒಮ್ಮೆನೂ ಇಳೀಲಿಲ್ಲ, ಟೂರಿಸ್ಟ್ ಪ್ಲೇನ್ ಇಳೀತಾವು.

ಹೋಗೂದು ಹೆಂಗ ಅಂತೀರಿ? ಹುಬ್ಬಳ್ಳಿಯಿಂದ ಬೆಂಗಳೂರು 370, ಅಲ್ಲಿಂದ ದೋಹಾ 3,040, ದೋಹಾದಿಂದ ಬ್ರೆಜಿಲ್‌ನ ಸಾವೋ ಪೌಲೋ 11,860, ಅಲ್ಲಿಂದ ಸ್ಯಾಂಟಿಯಾಗೋ 2,610, ಮತ್ತ ಅಲ್ಲಿಂದ ಸಮುದ್ರದ ಮ್ಯಾಲೆ 3,750. ಕೂಡಿಸ್ರಿ ತಮ್ಮಾ. 21,630 ಬಂತಲ್ಲ? ಯಾವ ಎರಡು ಜಾಗದ ನಡುವೂ 20,000 ಚಿಲ್ಲರೆ ದಾಟಂಗಿಲ್ಲ ಅಂತ ಆಗ ಹೇಳಿದ್ನಿ, ನಮ್ಮ ಟಿಕೀಟು ಅದನ್ನೂ ದಾಟಿ 1,600 ಮುಂದ ಹೋತು. ಅಜ್ಜಾರು, ಅಷ್ಟು ದೂರ ಹೋಗಿ ಕಲ್ಲಿನ ಮಾರಿ ನೋಡೂಕಿಂತ ಬದಾಮಿಗೆ ಹೋಗಿ ಬರ್ತೀನಿ ತಗೋ ಅಂದ್ರು, ಚಾ ಬಂತು, ಸಭಾ ಎದ್ದಿತು.